ಐದನೇ ಅಂಕ

"ಇಂಗ್ಲಿಷ್ ನಾಟಕಗಳಲ್ಲಿ ನಿಮಗೆ ಯಾವುದು ಇಷ್ಟ?"

ಹೆಣ್ಣು ನೋಡಲು ಬಂದಿದ್ದ ಬೋಜಪ್ಪ ಕಾಫಿ ಲೋಟ ಕೆಳಗಿಟ್ಟ. ಕೇಳಿದವಳು ಹುಡುಗಿಯೇ. ಹೆಸರು ಬೊಳ್ಳಮ್ಮ, ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಮೂರ್ನಾಡಿಗೆ ಮರಳಿದವಳು. ಇದೇ ಪ್ರಶ್ನೆ ಕೇಳಿ ಆಗಲೇ ಮೂರು ಗಂಡುಗಳನ್ನು ವಾಪಸು ಕಳಿಸಿದ್ದಳು. ಮೂವರೂ ಒಂದೇ ನಾಟಕದ ಹೆಸರು ಹೇಳಿದ್ದರು. ಅದರಲ್ಲಿ ಏನಿದೆ ಎಂದರೆ ಮೂವರೂ ಗಡಿಯಾರ ನೋಡಿದ್ದರು. ಕೊಡಗಿಗೆ ಸ್ವಂತ ಮಂತ್ರಿಗಳು ಬಂದ ವರ್ಷ ಅದು. ಹುಡುಗಿಯರೂ ಪ್ರಶ್ನೆ ಕೇಳಲು ಶುರು ಮಾಡಿದ್ದರು.

ಬೋಜಪ್ಪ ಇಂಟರ್‌ಮೀಡಿಯೆಟ್ ಫೇಲು. ಹುಡುಗಿಯೋ, ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು. ಸುಳ್ಳು ಹೇಳೋಣವೆಂದರೆ, ತಾನು ಓದಿದ್ದೊಂದು ಬಿಟ್ಟು ಬೇರೆ ನಾಟಕದ ಹೆಸರೇ ಗೊತ್ತಿರಲಿಲ್ಲ.

"ಅಣ್ಣತಮ್ಮಂದಿರು ರಾಜ್ಯಕ್ಕೆ ಕಿತ್ತಾಡುವುದು ಉಂಟಲ್ಲ, ಅದು," ಎಂದ. "ನಾನು ಓದಿದ್ದೇ ಅದೊಂದು. ನಮ್ಮ ಪಕ್ಕದ ಎಸ್ಟೇಟಿನ ಇಂಗ್ಲಿಷ್ ದೊರೆ ಅವನ ಸೀಮೆಗೆ ವಾಪಸು ಹೋಗುವಾಗ ಕುರ್ಚಿಯೊಟ್ಟಿಗೆ ಕೊಟ್ಟು ಹೋದ ಪುಸ್ತಕ. ಎಂಟು ಸಲ ಓದಿದ್ದೇನೆ."

"ಕೊನೆಗೆ ಎಂತ ಆಗ್ತದೆ?"

"ಗೊತ್ತಿಲ್ಲ. ಐದನೇ ಅಂಕ ಇಲ್ಲ. ದೊಡ್ಡಪ್ಪ ಕೋವಿಗೆ ಹಾಕಿದರು."

ಪಕ್ಕದಲ್ಲಿದ್ದ ದೊಡ್ಡಪ್ಪ ಸಾಂತಪ್ಪ ಅಲ್ಲಗಳೆಯಲಿಲ್ಲ. ಅವರದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ. ಮದ್ದು ಸುರಿದು ಮೇಲೆ ಕಾಗದದ ಉಂಡೆ ಜಡಿಯಬೇಕು. ಯಾವ ಪುಸ್ತಕವಾದರೂ ಹಿಂದಿನಿಂದ ಹರಿಯುವುದು ಅವರ ಅಭ್ಯಾಸ. "ಇಂಗ್ಲಿಷ್ ಕಾಗದ ಒಳ್ಳೇ ಗಟ್ಟಿ, ಮಗಳೇ," ಎಂದರು. "ಮೂರು ಹಂದಿ ಬಿತ್ತು."

"ಕೊನೆಗೆ ಎಂತ ಆಗಿರಬಹುದು ಅಂತ ನಿಮಗೆ ಕಾಣ್ತದೆ?" ಬೊಳ್ಳಮ್ಮ ಬಿಡಲಿಲ್ಲ.

ಅದನ್ನು ಬೋಜಪ್ಪ ಎಂಟು ಸಲವೂ ಯೋಚಿಸಿದ್ದ. "ಕೂತು ಮಾತಾಡಿ ಸರಿ ಮಾಡಿಕೊಂಡಿರಬೇಕು. ತಾಯಿ ಇದ್ದಾಳಲ್ಲ, ಸುಮ್ಮನೆ ಬಿಡ್ತಾಳಾ? ನಾಲ್ಕು ಅಂಕ ಮುಗಿದರೂ ಒಬ್ಬನೂ ಸತ್ತಿಲ್ಲ."

ಐದನೇ ಅಂಕದಲ್ಲಿ ಏಳು ಹೆಣ ಬೀಳುತ್ತವೆ, ಮೊದಲನೆಯದೇ ತಾಯಿಯದು. ಏಳನ್ನೂ ಪರೀಕ್ಷೆಯಲ್ಲಿ ಕ್ರಮವಾಗಿ ಬರೆದು ಬೊಳ್ಳಮ್ಮ ಫಸ್ಟ್ ಕ್ಲಾಸ್ ತೆಗೆದಿದ್ದಳು. ಈಗ ಮಾತ್ರ ಬಾಯಿ ಬಿಡಲಿಲ್ಲ. ಒಳಗೆ ಹೋಗಿ, "ಇವರು ಆಗಬಹುದು," ಎಂದಳು. "ಅಯ್ಯೋ, ಇಂಟರ್ ಫೇಲಂತಲ್ಲೇ!" ಎಂದು ಅವಳ ಅವ್ವ ಹಣೆ ಚಚ್ಚಿಕೊಂಡಳು.

ಮದುವೆಯಾಯಿತು. ಬೊಳ್ಳಮ್ಮನ ಪೆಟ್ಟಿಗೆಯಲ್ಲಿ ಅದೇ ನಾಟಕ ಐದೂ ಅಂಕಗಳ ಸಮೇತ ಬಂತು. ಬೋಜಪ್ಪನಿಗೆ ಹಿಗ್ಗೋ ಹಿಗ್ಗು. ನೇರವಾಗಿ ಕೊನೆಗೆ ಹಾರುವುದು ಮೋಸವೆಂದು ಮೊದಲಿನಿಂದಲೇ ಶುರುಮಾಡಿದ. ಕೆಲಸದ ನಡುವೆ ದಿನಕ್ಕೆ ಒಂದು ಹಾಳೆ. ಆಯುಧ ಪೂಜಿಸುವ ಕೈಲುಮುಹೂರ್ತದ ಹಿಂದಿನ ದಿನ ನಾಲ್ಕನೇ ಅಂಕದ ಕೊನೆಯ ಹಾಳೆಗೆ ಬಂದಿದ್ದ.

"ನಾಳೆ ಗೊತ್ತಾಗ್ತದೆ ನೋಡು," ಎಂದು ಮಗುವಿನ ಹಾಗೆ ನಕ್ಕ.

ಅವನು ಮಲಗಿದ ಮೇಲೆ ಬೊಳ್ಳಮ್ಮ ಪುಸ್ತಕ ಕೈಗೆತ್ತಿಕೊಂಡಳು. ಆ ಮುಖ ಬಾಡುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

ಮರುದಿನ ಕೋವಿಗಳ ಪೂಜೆಯಾಗಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹೊತ್ತಾಯಿತು. ಸಾಂತಪ್ಪ ಎಂದಿನಂತೆ ಕಾಗದ ಹುಡುಕಿದರು. ಬೊಳ್ಳಮ್ಮ ಸೆರಗಿನಡಿಯಿಂದ ಒಂದು ಕಂತೆ ತೆಗೆದುಕೊಟ್ಟಳು. "ದೊಡ್ಡಮಾವ, ಇದು ಗಟ್ಟಿ ಉಂಟು. ಮಿಕ್ಕಿದ್ದು ಹಂದಿಗೆ ಇಟ್ಟುಕೊಳ್ಳಿ." ಸಾಂತಪ್ಪ ಬೆರಳಲ್ಲಿ ತಿಕ್ಕಿ ನೋಡಿ ತಲೆದೂಗಿದರು. ಕೋವಿ ಢಮಾರೆಂದಿತು. ತೆಂಗಿನಕಾಯಿಗೆ ಏನೂ ಆಗಲಿಲ್ಲ.

ಸಂಜೆ ಬೋಜಪ್ಪ ಪುಸ್ತಕ ಹಿಡಿದು ಅಡುಗೆಮನೆಗೆ ಬಂದ. "ಇದರಲ್ಲೂ ಐದನೇ ಅಂಕ ಇಲ್ಲವಲ್ಲ!"

"ನಾನು ಓದಿದ್ದೇನೆ," ಎಂದಳು ಬೊಳ್ಳಮ್ಮ, ಕಡುಬಿನ ಪಾತ್ರೆ ಇಳಿಸುತ್ತ. "ನೀವು ಅವತ್ತು ಹೇಳಿದ ಹಾಗೆಯೇ. ಕೂತು ಮಾತಾಡಿ ಸರಿ ಮಾಡಿಕೊಂಡರು."

"ತಾಯಿ?"

"ಕೂರಿಸಿದ್ದೇ ಅವಳು. ಆಮೇಲೆ ಆರು ಜನಕ್ಕೂ ಬಡಿಸಿ, ಏಳನೆಯವಳಾಗಿ ತಾನೂ ಊಟಕ್ಕೆ ಕೂತಳು."