ಹೆಲ್ಮೆಟ್ಟಿನೊಳಗಿನ ಮಗ

ಅಮೆರಿಕದ ಆ ಊರಿಗೆ, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಚೆಂಡೆಸೆಯುವ ನಾಯಕ ಕಪ್ಪು ಹುಡುಗನಾಗುವುದು ಬೇಕಿರಲಿಲ್ಲ. ಅದಕ್ಕೇ ಕೋಚ್ ಕಪ್ಪು ಹೆಂಗಸೊಬ್ಬಳ ಮಗನಿಗೆ ಮುಖ ಮುಚ್ಚುವ ಹೆಲ್ಮೆಟ್, ಕೈಗವಸು ತೊಡಿಸಿ, ಬಿಳಿಯ ಹುಡುಗನೊಬ್ಬನ ಹೆಸರಲ್ಲಿ ಆಡಿಸುತ್ತಿದ್ದ.

"ಈ ಶನಿವಾರ ಗೆದ್ದುಬಿಡಲಿ, ಎಲ್ಲರೆದುರು ಹೆಲ್ಮೆಟ್ ತೆಗೆಸ್ತೀನಿ" ಎಂದು ಕೋಚ್ ಅವಳಿಗೆ ಮಾತು ಕೊಟ್ಟಿದ್ದ.

ಮಗ ಗೆಲ್ಲಿಸಿದ. ಹೆಲ್ಮೆಟ್ ಮಾತ್ರ ತಲೆಯ ಮೇಲೇ ಇತ್ತು. ಗೆಲ್ಲಿಸಿದವನ ತಾಯಿಗೆ ಹೂಗುಚ್ಛ ಕೊಡುವುದು ಅಲ್ಲಿನ ಪದ್ಧತಿ. ಅದು ಬಿಳಿಯ ಹುಡುಗನ ತಾಯಿಗೆ ಹೋಯಿತು. ಇವಳೂ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು.

ಆ ತಾಯಿ ಹೂ ಹಿಡಿದು ನೇರವಾಗಿ ಇವಳ ಬಳಿಗೇ ಬಂದಳು. ಇವಳು ಎದ್ದು ಕೈ ಚಾಚಿದಳು.

"ನಿನ್ನ ಮಗನಿಗೆ ಸ್ವಲ್ಪ ಹೇಳಮ್ಮ," ಎಂದಳು ಆಕೆ ಮೆಲ್ಲಗೆ, "ಮುಂದಿನ ವಾರದಿಂದ ಎಡಗೈಯಲ್ಲಿ ಎಸೀಲಿ. ನನ್ನ ಮಗ ಎಡಚ, ಜನಕ್ಕೆ ಅನುಮಾನ ಬರ್ತಿದೆ."