ಸವೆಯಬೇಕಾದ ಮಗ್ಗುಲು

‘ನಿನಗೆ ಮುಪ್ಪು ಯಾಕೆ ಬರ್ತಿಲ್ಲ?’

ಕೋವಿಮದ್ದು ತುಂಬಲೆಂದು ತಾನೇ ಕೆತ್ತಿದ ಹೊಸ ಕೊಂಬನ್ನು ಹಿಡಿದು ಅಕ್ಕ ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿದಳು. ಚಹಾದಲ್ಲಿ ನೆನೆಸಿ, ಗೀರುಗಳಿಗೆ ಮಸಿ ತುಂಬಿದ್ದರೂ ಅದು ಮುದುಕಿಯ ವೇಷ ಹಾಕಿದ ಹುಡುಗಿಯಂತೆಯೇ ಕಾಣುತ್ತಿತ್ತು. ಸುಮ್ಮನೆ ಹೆಗಲಿಗೆ ನೇತುಹಾಕಿಕೊಂಡಳು; ಕೊಂಬು ಸೊಂಟಕ್ಕೆ ಉಜ್ಜಿತು. ಅಯ್ಯೋ, ಬೇಟೆಗಾರನ ಕೊಂಬು ಸವೆಯುವುದು ಮೈಗೆ ತಾಗುವ ಮಗ್ಗುಲಲ್ಲೇ ತಾನೇ! ಆ ಮಗ್ಗುಲೊಂದನ್ನೇ ಬೂದಿ ಹಚ್ಚಿ ಚರ್ಮದಿಂದ ತಿಕ್ಕಿ ತಿಕ್ಕಿ ನುಣುಪಾಗಿಸಿದಳು.

ಅವಳ ಕೆಲಸವನ್ನೆಲ್ಲ ‘ಮಕ್ಕಳಾಟಿಕೆ’ ಎಂದು ಹೀಯಾಳಿಸುತ್ತಿದ್ದ, ಹಳೆ ಸಾಮಾನು ಮಾರುವ ತಮ್ಮ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ‘ಅಕ್ಕಾ, ಇನ್ನೂರು ವರ್ಷದ್ದು ಕಣೇ! ಎಲ್ಲಿ ಸಿಕ್ತು?’

ಅವಳು ನಗುತ್ತ ಬುಡದ ಬಿರಡೆ ತಿರುಗಿಸಿ ತೆಗೆದು, ಅದರ ಒಳಬದಿಯಲ್ಲಿ ಕೆತ್ತಿದ್ದ ತನ್ನ ಹೆಸರು ತೋರಿಸಿದಳು.

‘ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲೇ! ಆ ಹೆಸರೊಂದು ಕೆರೆದುಬಿಡು, ಹಳೇದು ಅಂತಲೇ ಮಾರ್ತೀನಿ.’

‘ಕೆರೆಯೋದಿಲ್ಲ ಹೋಗೋ.’