ತರಲೆಯವರೇ, ಬನ್ನಿ

"ನಾಯಿ ಜೊತೆ ಯಾರಾದ್ರೂ ಓಡ್ಲೇಬೇಕು. ಇಲ್ಲಾಂದ್ರೆ ಜಾಗ ಬೇರೆಯವರಿಗೆ ಕೊಡ್ತೀನಿ," ಎಂದ ತರಬೇತುದಾರ, ಹುಡುಗಿಯ ಕಾಲಿನ ಪ್ಲಾಸ್ಟರ್ ನೋಡಿ. ತಡೆ ಹಾರುವುದು, ಸುರಂಗದೊಳಗೆ ನುಗ್ಗುವುದನ್ನೆಲ್ಲ ನಾಯಿಗಳಿಗೆ ಕಲಿಸುವ ಆ ಮೈದಾನದಲ್ಲಿ ಒಂದು ಜಾಗ ಸಿಗಲೆಂದು ಹುಡುಗಿ ತಿಂಗಳುಗಟ್ಟಲೆ ಕಾದಿದ್ದಳು. ಸಿಕ್ಕ ಖುಷಿಗೆ ಮೆಟ್ಟಿಲಿಳಿಯುವಾಗ ಕುಣಿದು ಕಾಲು ಮುರಿದುಕೊಂಡಿದ್ದಳು.

ಪಕ್ಕದಲ್ಲಿದ್ದವಳು ಅವಳ ಅಪ್ಪನನ್ನು ಹೊಸದಾಗಿ ಮದುವೆಯಾದ ಗಡಿಯಾರ ರಿಪೇರಿಯವಳು. ಉಸಿರು ಬಿಗಿಹಿಡಿದು ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸುವುದು ಅವಳ ಕಸುಬು. ಮನೆಯಲ್ಲಿ ನಾಯಿ ಹತ್ತಿರ ಬಂದರೆ ಕುರ್ಚಿಯ ಮೇಲೆ ಕಾಲೆತ್ತಿಕೊಳ್ಳುತ್ತಿದ್ದಳು.

"ನಾನು ಓಡ್ತೀನಿ," ಎಂದಳು ಅವಳು.

"ಆಗಲ್ಲ ಬಿಡಿ. ನೀವು ಇದನ್ನ ಮುಟ್ಟೋದೇ ಇಲ್ಲ," ಎಂದಳು ಹುಡುಗಿ.

"ಓಡೋಕೆ ಮುಟ್ಟಬೇಕಾ?"

ಹಗ್ಗವನ್ನು ಆದಷ್ಟು ಉದ್ದಕ್ಕೆ ಬಿಟ್ಟು ಹೊರಟಳು. ಮೊದಲ ತಡೆ ಮೊಣಕಾಲೆತ್ತರದ ಕೋಲು. ತರಲೆ ಎಂಬ ಆ ನಾಯಿ ಅದನ್ನು ಮೂಸಿ ನೋಡಿ, ಕೆಳಗಿನಿಂದ ನುಸುಳಿತು. ಓಟದ ಭರದಲ್ಲಿದ್ದ ಗಡಿಯಾರದವಳು ಮೇಲಿನಿಂದ ಹಾರಿದಳು. ಹಾರಿದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಬೆಂಚಿನ ಮೇಲೆ ಹುಡುಗಿ ತುಟಿ ಕಚ್ಚಿ ನಗು ತಡೆದಳು.

ಸುರಂಗದ ಬಾಯಲ್ಲಿ ತರಲೆ ಕೂತೇಬಿಟ್ಟಿತು. "ಆ ಕಡೆಗೆ ಹೋಗಿ ಕರೀರಿ," ಎಂದ ತರಬೇತುದಾರ. ಅವಳು ಹಗ್ಗ ಬಿಟ್ಟು, ಇನ್ನೊಂದು ತುದಿಗೆ ಓಡಿ ಬಗ್ಗಿದಳು. ದೂರದಲ್ಲಿ ಎರಡು ಕಣ್ಣು ಹೊಳೆದವು.

"ತರಲೆಯವರೇ, ಬನ್ನಿ," ಎಂದಳು ಮೆಲ್ಲಗೆ.

ಇಡೀ ಮೈದಾನ ಗೊಳ್ಳೆಂದಿತು. ಹುಡುಗಿ ಬೆಂಚಿನಿಂದ ಬೀಳುವುದೊಂದು ಬಾಕಿ. "ಅಯ್ಯೋ, ನಾಯಿಗ್ಯಾಕೆ ಅಷ್ಟೊಂದು ಮರ್ಯಾದೆ ಕೊಡ್ತೀಯೇ. ಒಳಗೆ ನುಗ್ಗು ನೀನು."

ಬಾಯಿಂದ ಏಕವಚನ ಜಾರಿದ್ದು ಹುಡುಗಿಗೆ ಆಮೇಲೆ ಹೊಳೆಯಿತು. ವಾಪಸು ತೆಗೆದುಕೊಳ್ಳೋಣವೆಂದರೆ ಗಡಿಯಾರದವಳು ಆಗಲೇ ಮಂಡಿಯೂರಿ ಸುರಂಗದೊಳಗೆ ತಲೆ ತೂರಿಸಿಯಾಗಿತ್ತು. ಆ ಕಡೆಯಿಂದ ತರಲೆಯೂ ನುಗ್ಗಿತು. ಬಟ್ಟೆಯ ಸುರಂಗ ಹೊಟ್ಟೆನೋವು ಬಂದಂತೆ ಹೊರಳಾಡಿತು. ಒಳಗಿನಿಂದ ಒಂದು ಕಿರುಚು ಕೇಳಿಸಿತು, ಹಿಂದೆಯೇ ತಡೆಯಿಲ್ಲದ ನಗು. ಅವಳು ಹಿಂದುಮುಂದಾಗಿ ಹೊರಬಂದಾಗ ಮುಖವೆಲ್ಲ ಜೊಲ್ಲು, ಕೂದಲ ತುಂಬ ಹುಲ್ಲು, ಎರಡು ತೋಳುಗಳ ನಡುವೆ ತರಲೆ. ಅದನ್ನು ಕೆಳಗಿಳಿಸುವ ಯೋಚನೆ ಅವಳಿಗಿದ್ದಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗಿಯ ಫೋನ್ ರಿಂಗಾಯಿತು. ಅಪ್ಪ.

"ಹೆಂಗಿತ್ತು ಮೊದಲನೇ ಪಾಠ?"

"ತರಲೆಗೆ ಒಂದೂ ಬರಲ್ಲಪ್ಪ," ಎಂದಳು ಹುಡುಗಿ ಕಣ್ಣೊರೆಸಿಕೊಳ್ಳುತ್ತ. "ನೀನು ಬರ್ತಾ ಇವಳಿಗೊಂದು ಜೊತೆ ಓಡೋ ಶೂ ತಗೊಂಡು ಬಾ."

ಆ ಕಡೆಯಿಂದ ಅಪ್ಪ ಕೇಳಿದ, "ಯಾರಿಗೆ?"

"ಇವಳಿಗಪ್ಪ, ಇನ್ಯಾರಿಗೆ. ಸೈಜು ಆಮೇಲೆ ಕೇಳಿ ಹೇಳ್ತೀನಿ. ಈಗ ಮತ್ತೆ ಸುರಂಗದೊಳಗೆ ಹೋಗಿದ್ದಾಳೆ."